ಬಿಸಿಲಿಗೆ ಹಾಕಿದ ಕೆಂಪು

ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಒಂದು ಸೀನು ಬರುತ್ತದೆ. ಫೆಬ್ರುವರಿಯಲ್ಲಂತೂ ಎರಡು. ಮೆಣಸಿನಕಾಯಿಯ ಘಾಟು ಊರಿನ ಗಾಳಿಯಲ್ಲೇ ಮನೆ ಮಾಡಿಕೊಂಡಿರುತ್ತದೆ. ಇಲ್ಲಿ ಹುಟ್ಟಿದವರಿಗೆ ಅದು ತಾಗುವುದಿಲ್ಲ ಎಂದು ಹೊರಗಿನವರು ತಿಳಿದಿದ್ದಾರೆ. ಸುಳ್ಳು. ನಾವೂ ಸೀನುತ್ತೇವೆ, ಸೀನಿ ಮಾತು ಮುಂದುವರಿಸುತ್ತೇವೆ, ಅಷ್ಟೇ. ಹೋದ ವಾರ ಅವ್ವನನ್ನು ನೋಡಲು ಹೋದಾಗಲೂ ಸೀನು ಬಂತು. ಅದರ ಬೆನ್ನಿಗೇ ನೆನಪಾದವನು ವಿಶ್ವನಾಥ. ನಾಲ್ಕು ವರ್ಷದ ಹಿಂದಿನ ಸುಗ್ಗಿಯಲ್ಲಿ ನಾನು ಅವನ ಮೇಲೆ ಸೇಡು ತೀರಿಸಿಕೊಂಡೆ. ಇದನ್ನು ಓದಿ ನನ್ನನ್ನು ಯಾರಾದರೂ ಒಳ್ಳೆಯವಳು ಅಂದುಕೊಳ್ಳಲಿ ಎಂಬ ಆಸೆ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ವಿಶ್ವನಾಥ ದಾವಣಗೆರೆಯಲ್ಲಿ ನನ್ನ ಜೊತೆ ಚಿತ್ರಕಲೆ ಕಲಿತವನು. ರಾಣೆಬೆನ್ನೂರಿನ ಬಟ್ಟೆ ಅಂಗಡಿಯ ಮನೆತನದ ಮಗ. ಅವನ ತಾಯಿ ಸರೋಜಮ್ಮನವರು ಹಾರ್ಮೋನಿಯಂ ನುಡಿಸುತ್ತಿದ್ದರು, ಮಧ್ಯಾಹ್ನ ಉಂಡು ಎರಡು ತಾಸು ಮಲಗುತ್ತಿದ್ದರು. ನಾನು ಬ್ಯಾಡಗಿಯಲ್ಲಿ ತುಂಬು ಬಿಡಿಸುವ ಗಂಗವ್ವನ ಮಗಳು. ತುಂಬು ಅಂದರೆ ಒಣಮೆಣಸಿನಕಾಯಿಯ ತೊಟ್ಟು. ಸುಗ್ಗಿ ಶುರುವಾಯಿತೆಂದರೆ ವ್ಯಾಪಾರಸ್ಥರ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು, ಮುಂದೆ ರಾಶಿ ಹಾಕಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಕಿತ್ತು ಬೇರೆ ಮಾಡುತ್ತಾರೆ. ಅವ್ವ ನಲವತ್ತು ವರ್ಷ ಅದನ್ನೇ ಮಾಡಿದಳು. ಸಂಜೆ ಮನೆಗೆ ಬಂದವಳು ಮೊದಲು ಮಜ್ಜಿಗೆಯ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಸುಮ್ಮನೆ ಕೂರುತ್ತಿದ್ದಳು. ಹತ್ತಿರ ಹೋದರೆ, "ಮುಟ್ಟಬ್ಯಾಡ, ಕಣ್ಣಿಗೆ ಹತ್ತತೈತಿ" ಅನ್ನುತ್ತಿದ್ದಳು. ಸುಗ್ಗಿ ಇದ್ದಷ್ಟು ದಿನ ಅವ್ವ ನನ್ನ ಕೆನ್ನೆ ಸವರಿದ ನೆನಪೇ ಇಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ನಾನು ಆ ಕೈಗಳನ್ನೇ ಹಿಡಿದೆ. ಡಬ್ಬಿ ಕಾಯಿ ಅಂತ ಇದೆ, ಗಿಡ್ಡ, ದಪ್ಪ, ಖಾರ ಕಡಿಮೆ, ಬಣ್ಣ ಮಾತ್ರ ರಕ್ತದಷ್ಟು. ಅದರ ಬೀಜ ತೆಗೆದು, ಸಿಪ್ಪೆಯನ್ನು ಕುಟ್ಟಿ, ಕುಸುಬಿ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಸಿ, ಸೋಸಿ, ಅಂಟು ಬೆರೆಸಿ ಒಂದು ಕೆಂಪು ಮಾಡಿದೆ. ಅದರಲ್ಲಿ ಅವ್ವನ ಕೈ ಅದ್ದಿಸಿ ಧೋತರದ ಬಟ್ಟೆಯ ಮೇಲೆ ಒತ್ತಿಸಿದೆ. ಮಾಸ್ತರರು ಮೂಗು ಮುರಿದರು. ಒಬ್ಬರು ಅಡುಗೆಮನೆ ವಾಸನೆ ಬರುತ್ತದೆ ಎಂದರು. ವಿಶ್ವನಾಥ ಒಬ್ಬನೇ ಆ ಬಟ್ಟೆಯ ಮುಂದೆ ಬಹಳ ಹೊತ್ತು ನಿಂತ. "ಸುಮಾ, ಇದು ದೊಡ್ಡ ಕೆಲಸ ಅದ" ಎಂದ. ಆ ಒಂದು ಮಾತಿಗೆ ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ರಜೆಯಲ್ಲಿ ನಮ್ಮ ಮನೆಗೆ ಬಂದ, ಅವ್ವನ ಕೈಯ ರೊಟ್ಟಿ ಉಂಡ, ಅವ್ವನ ಕಥೆಗಳನ್ನೆಲ್ಲ ಕೇಳಿ ಕೇಳಿ ಬರೆದುಕೊಂಡ. ಉಂಡ ಮನೆಯ ಜಂತಿ ಎಣಿಸುತ್ತಾರೆ ಅಂತಾರಲ್ಲ, ಇವನು ಎಣಿಸಿದ್ದಷ್ಟೇ ಅಲ್ಲ, ಕಿತ್ತುಕೊಂಡೂ ಹೋದ.

ಪರೀಕ್ಷೆ ಮುಗಿದ ಮೇಲೆ ಅವನು ಹೆಚ್ಚಿನ ಓದಿಗೆ ಬರೋಡಾಕ್ಕೆ ಹೋದ. ನಾನು ಬಟ್ಟೆಯನ್ನು ತಂದು ನಮ್ಮ ಪಡಸಾಲೆಯ ಗೋಡೆಗೆ ಹಾಕಿದೆ. ಬಾಗಿಲಿನಿಂದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಬೇಸಿಗೆ ಮುಗಿಯುವುದರೊಳಗೆ ಕೆಂಪು ಹೋಗಿ ಬಟ್ಟೆ ಖಾಲಿಯಾಯಿತು. ಅವ್ವ ನಕ್ಕಳು. "ಒಣಗಿದ ಕಾಯಿ ಬಿಸಿಲಿಗೆ ಇಡ್ತಾರೇನ ಹುಚ್ಚಿ? ಒಣಗೂತನಾ ಬಿಸಿಲು ಬೇಕು, ಒಣಗಿದಮ್ಯಾಲ ಬಿಸಿಲು ತೋರಿಸಬಾರ್ದು. ಊರಾಗ ಅಷ್ಟ ಕೋಲ್ಡ್ ಸ್ಟೋರೇಜ್ ಯಾಕ ಕಟ್ಟ್ಯಾರ ಮತ್ತ?" ಬ್ಯಾಡಗಿಯಲ್ಲಿ ಮೊಣಕಾಲುದ್ದದ ಮಗುವಿಗೂ ಗೊತ್ತಿರುವ ಸಂಗತಿ ಅದು. ಬಣ್ಣದ ಹುಚ್ಚಿನಲ್ಲಿ ನಾನೇ ಮರೆತಿದ್ದೆ. ಆ ಬಟ್ಟೆಯನ್ನು ಅವ್ವ ಒಲೆ ಒರೆಸಲು ಇಟ್ಟುಕೊಂಡಳು.

ಆಮೇಲೆ ನಾನು ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆದೆ. ವರ್ಷಕ್ಕೊಂದು ಸಣ್ಣ ಪ್ರದರ್ಶನ ಮಾಡುತ್ತೇನೆ, ಜಿಲ್ಲೆಯಲ್ಲಿ ಕಲಾವಿದೆ ಅನ್ನುತ್ತಾರೆ, ಜಿಲ್ಲೆ ದಾಟಿದರೆ ಯಾರೂ ಅನ್ನುವುದಿಲ್ಲ. ಕೆಲವು ವರ್ಷದ ಮೇಲೆ ಒಂದು ಭಾನುವಾರ ಪತ್ರಿಕೆಯ ಪುರವಣಿಯಲ್ಲಿ ವಿಶ್ವನಾಥನ ಫೋಟೋ ಬಂದಿತ್ತು. ಹಿಂದೆ ದೊಡ್ಡ ಬಟ್ಟೆ, ಅದರ ತುಂಬ ಕೆಂಪು ಕೈಗಳು. ಕೆಳಗೆ ಅವನ ಮಾತು: ಮೆಣಸಿನಕಾಯಿಯ ಅಂಗಳದಲ್ಲಿ ತುಂಬು ಬಿಡಿಸಿ ನನ್ನನ್ನು ಬೆಳೆಸಿದ ನನ್ನ ತಾಯಿಯ ಕೈಗಳಿವು, ಸಂಜೆ ಅವಳು ಮಜ್ಜಿಗೆಯಲ್ಲಿ ಕೈ ಅದ್ದಿ ಕೂರುತ್ತಿದ್ದಳು, ನನ್ನನ್ನು ಮುಟ್ಟುತ್ತಿರಲಿಲ್ಲ.

ನನ್ನ ತಾಯಿ ನನ್ನನ್ನು ಮುಟ್ಟದೆ ಇದ್ದದ್ದನ್ನೂ ಅವನು ಕದ್ದಿದ್ದ. ಫೋನ್ ಮಾಡಿದೆ. ಅವನು ನಕ್ಕು, "ಸುಮಾ, ಕಲಾದಾಗ ನಂದು ನಿಂದು ಅಂತ ಇರೂದಿಲ್ಲ, ಅದು ಎಲ್ಲಾರ ತಾಯಿ" ಎಂದ. ಎಲ್ಲರ ತಾಯಿಯಾದರೆ ಹೆಸರು ಹಾಕಲು ಏನು ರೋಗ ಎಂದು ಕೇಳಬೇಕಿತ್ತು. ಆಗ ಬಾಯಿ ಬರಲಿಲ್ಲ. ನನ್ನ ಸಿಟ್ಟು ಹಾಗೆಯೇ, ಹೊತ್ತಿಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ, ವರ್ಷಗಟ್ಟಲೆ ಹೊಟ್ಟೆಯಲ್ಲೇ ಕೂರುತ್ತದೆ. ಪುರವಣಿಯ ಆ ಹಾಳೆಯನ್ನು ಕತ್ತರಿಸಿ ನನ್ನ ಸೀರೆಗಳ ಕೆಳಗೆ ಇಟ್ಟೆ.

ನಾಲ್ಕು ವರ್ಷದ ಹಿಂದೆ ಡಿಸೆಂಬರಿನಲ್ಲಿ ಅವನೇ ಫೋನ್ ಮಾಡಿದ. ಹಾವೇರಿಯಲ್ಲಿ ಅವನದೊಂದು ಪ್ರದರ್ಶನ. ಒಂದು ತಿಂಗಳು ಇರುತ್ತದೆ, ಕೊನೆಯ ಭಾನುವಾರ ಜನರ ಮುಂದೆ ಇಬ್ಬರು ಕಲಾವಿದರ ಸಂವಾದ, ಅವನ ಜೊತೆ ನಾನು. "ನಮ್ಮ ಜಿಲ್ಲಾದಾಗ ಮಾತಾಡೂದು, ನೀನ ಇದ್ದರ ಚಂದ" ಎಂದ. ಆಮೇಲೆ ನಿಜವಾದ ಕೆಲಸಕ್ಕೆ ಬಂದ. ಇಷ್ಟು ವರ್ಷ ಅಂಗಡಿಯ ಬಣ್ಣದಲ್ಲೇ ಕೈ ಒತ್ತಿಸಿದ್ದನಂತೆ. ನಮ್ಮ ಕೆಂಪು ಅವನಿಗೆ ಬರಲೇ ಇಲ್ಲವಂತೆ. "ಆ ಖರೇ ಕೆಂಪು ನೀ ಮಾಡಿಕೊಡು. ಮತ್ತ ಗಂಗವ್ವನ ಕೈ. ದೊಡ್ಡದೊಂದು ಬಟ್ಟಿ, ನಲವತ್ತು ಜೋಡಿ."

"ಮಾಡಿಕೊಡ್ತೇನಿ" ಎಂದೆ. ಅಷ್ಟು ಲಗೂ ಒಪ್ಪಿದ್ದು ಅವನಿಗೂ ಆಶ್ಚರ್ಯವಾಗಿರಬೇಕು. ಒಪ್ಪಿದ್ದು ನಾನಲ್ಲ, ನನ್ನ ಹೊಟ್ಟೆಯಲ್ಲಿ ಕೂತಿದ್ದ ಸಿಟ್ಟು. ಬಣ್ಣ ಮಾಡುವುದು ಹೇಗೆಂದು ಅವನು ನನ್ನಿಂದ ಕೇಳಿದ್ದ, ಕೆಡದ ಹಾಗೆ ಇಟ್ಟುಕೊಳ್ಳುವುದು ಹೇಗೆಂದು ಕೇಳಿರಲಿಲ್ಲ.

ಜನವರಿ ತುಂಬ ನನಗೆ ಮೈಯೆಲ್ಲ ಹುರುಪು. ಶನಿವಾರ ಶಾಲೆ ಅರ್ಧ ದಿನ. ಗಂಟೆ ಹೊಡೆದ ಕೂಡಲೇ ಬ್ಯಾಡಗಿಯ ಬಸ್ಸು ಹತ್ತುತ್ತಿದ್ದೆ. ಆ ವರ್ಷ ಚಳಿ ಗಟ್ಟಿಯಾಗಿತ್ತು, ಬಿಸಿಲು ಶುಭ್ರವಾಗಿತ್ತು, ಕಾಯಿ ಚೆನ್ನಾಗಿ ಒಣಗಿ ಬಂದಿತ್ತು. ಅವ್ವ ಹೊಸ ಮಾಲಿನಲ್ಲಿ ಒಳ್ಳೆಯ ಡಬ್ಬಿ ಕಾಯಿ ಆರಿಸಿ ಇಟ್ಟಿರುತ್ತಿದ್ದಳು. ನಾನು ಕುಟ್ಟಿದೆ, ನೆನೆಸಿದೆ, ಸೋಸಿದೆ. ಅಂಥ ಕೆಂಪನ್ನು ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಹಗೆಗೆ ಮಾಡಿದ ಕೆಲಸ ಪ್ರೀತಿಗೆ ಮಾಡಿದ ಕೆಲಸಕ್ಕಿಂತ ಚೆನ್ನಾಗಿ ಬರುತ್ತದೆಂದು ಯಾವ ಮಾಸ್ತರರೂ ನನಗೆ ಹೇಳಿಕೊಟ್ಟಿರಲಿಲ್ಲ.

ವಿಶ್ವನಾಥ ಒಬ್ಬ ವಿಡಿಯೋದವನನ್ನು ಕರೆದುಕೊಂಡು ಬಂದ. ಅಂಗಳದಲ್ಲಿ ಬಟ್ಟೆ ಹಾಸಿದೆವು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿ ಕೂತಳು. ಎರಡು ದಿನ ಬೇಕಾಯಿತು. ಎಣ್ಣೆಯಲ್ಲಿದ್ದರೂ ಖಾರ ಖಾರವೇ. ನಾಲ್ಕು ಜೋಡಿಗೊಮ್ಮೆ ಮಜ್ಜಿಗೆ ಬೇಕು. ಅವಳ ಅಂಗೈಯ ಗೆರೆಗಳು ಯಾವಾಗಲೋ ಸವೆದು ಹೋಗಿದ್ದವು, ಉಳಿದಿದ್ದವು ಬಿರುಕುಗಳು. ರೇಶನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಹತ್ತುತ್ತಿರಲಿಲ್ಲ. "ಗಂಗವ್ವ ಅನ್ನಾಕಿ ಇಲ್ಲೇ ಇಲ್ಲ ಅಂತೈತಿ ಆ ಮಿಷನ್ನು" ಎಂದು ಅವಳೇ ನಗೆಯಾಡುತ್ತಿದ್ದಳು. ಬಟ್ಟೆಗೆ ಮಾತ್ರ ಒಂದೊಂದು ಬಿರುಕೂ ಹತ್ತಿತು. ವಿಶ್ವನಾಥ ಮಧ್ಯಾಹ್ನವಾದ ಕೂಡಲೇ ಊಟಕ್ಕೆಂದು ರಾಣೆಬೆನ್ನೂರಿಗೆ, ಅವನ ತಾಯಿಯ ಕಡೆಗೆ ಹೋಗುತ್ತಿದ್ದ.

ಎರಡನೆಯ ದಿನ ಸಂಜೆ, ಅವನು ಹೋದ ಮೇಲೆ, ಅವ್ವ ಬಟ್ಟೆಯ ಸುತ್ತ ಒಂದು ಸುತ್ತು ಬಂದಳು. ಅಷ್ಟು ಸಾವಕಾಶವಾಗಿ ಅವಳು ಏನನ್ನೂ ನೋಡಿದ್ದು ನನಗೆ ಗೊತ್ತಿಲ್ಲ.

"ಇವೆಲ್ಲಾ ನನ್ನವ?"

"ನಿನ್ನವ ಅವ್ವ."

"ಇಷ್ಟ ಚಂದ ಅದಾವೇನ ನನ್ನ ಕೈ!" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ನೆಳ್ಳಾಗ ಇಡಾಕ ಹೇಳು ಅವಗ. ಅಂವಗ ಗೊತ್ತಿರೂದಿಲ್ಲ, ಬಟ್ಟಿ ಅಂಗಡಿ ಮಂದಿ. ನೀನ ಹೇಳಬೇಕು" ಎಂದಳು.

"ಹೇಳ್ತೇನಿ" ಎಂದೆ.

ಆ ಮಾತು ನನ್ನ ತಲೆಗೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಯಿತು. ತಲೆಯೊಳಗೆ ವಿಶ್ವನಾಥ ಕಾಲು ಚಾಚಿ ಕೂತಿದ್ದ, ಮಾತಿಗೆ ಕೂರಲು ಜಾಗ ಸಿಗಲಿಲ್ಲ.

ಹಾವೇರಿಯ ಆ ಸಭಾಂಗಣಕ್ಕೆ ಪಡುವಣ ದಿಕ್ಕಿಗೆ ಎತ್ತರದ ಕಿಟಕಿಗಳು, ಗಾಜಿನವು. ಫೆಬ್ರುವರಿಯ ಬಿಸಿಲು ಮಧ್ಯಾಹ್ನದಿಂದ ಇಳಿಹೊತ್ತಿನವರೆಗೂ ಎದುರಿನ ಗೋಡೆಗೆ ಬೀಳುತ್ತದೆ. ಆ ಗೋಡೆಗೇ ಬಟ್ಟೆ ಏರಿಸಿದರು. ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಶಿವಲೀಲಾ ಎಂಬ ಹೆಣ್ಣುಮಗಳು, "ಪರದೆ ಹಾಕೂಣೇನ್ರಿ ಸರ?" ಎಂದು ಕೇಳಿದಳು.

"ಬ್ಯಾಡ, ಬೆಳಕು ಬೇಕು" ಎಂದ ವಿಶ್ವನಾಥ. ನನ್ನ ಕಡೆ ನೋಡಿ, "ಏನಂತಿ ಸುಮಾ?" ಎಂದ.

ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ನನ್ನ ಅಭಿಪ್ರಾಯ ಕೇಳಿದ್ದ. "ಬಿಸಿಲಾಗ ಚಂದ ಕಾಣ್ತೈತಿ" ಎಂದೆ. ನಿಜವನ್ನೇ ಹೇಳಿದೆ. ಬಹಳ ಚಂದ ಕಾಣುತ್ತಿತ್ತು.

ಮೊದಲ ವಾರ ಜನ ಮುಗಿಬಿದ್ದು ನೋಡಿದರು. ಪೇಪರಿನಲ್ಲಿ ಫೋಟೋ ಬಂತು. ವಿಶ್ವನಾಥ ತಾನೀಗ ಇರುವ ಬೆಂಗಳೂರಿಗೆ ಮರಳಿ ಹೋದ, ಇನ್ನು ಸಂವಾದದ ದಿನವೇ ಬರುವವನು. ನಾನು ಶನಿವಾರ ಶನಿವಾರ ಹಾವೇರಿಗೆ ಹೋಗಿ ಬರತೊಡಗಿದೆ. ಎರಡನೆಯ ಶನಿವಾರ ಕೈಗಳು ಕಿತ್ತಳೆ ಬಣ್ಣಕ್ಕೆ ಇಳಿದಿದ್ದವು. ಮೂರನೆಯ ಶನಿವಾರ ಅರಿಶಿನ ತೊಳೆದ ನೀರಿನಂತೆ. ಶಿವಲೀಲಾ ಗಾಬರಿಯಾಗಿದ್ದಳು.

"ಸರಿಗೆ ಫೋನ್ ಮಾಡಬೇಕೇನ್ರಿ ಮೇಡಂ? ದಿನಾ ದಿನಾ ಬಿಳೀ ಆಗಾಕತ್ತೈತಿ."

"ಅವರಿಗೆ ಗೊತ್ತೈತಿ. ಈ ಕೆಲಸ ಇರೂದ ಹಂಗ" ಎಂದೆ.

ಕಿಟಕಿಯಿಂದ ಬಿಸಿಲು ಜಾರಿ ಬಟ್ಟೆಯ ಮೇಲೆ ಸರಿಯುವುದನ್ನು ನೋಡುತ್ತ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮನೆಯಿಂದ ತಂದ ಬುತ್ತಿ ಅಲ್ಲೇ ಬಿಚ್ಚಿ ಉಣ್ಣುತ್ತಿದ್ದೆ. ಆ ತಿಂಗಳು ನನಗೆ ಚೆನ್ನಾಗಿ ಹಸಿವಾಗುತ್ತಿತ್ತು, ಚೆನ್ನಾಗಿ ನಿದ್ದೆ ಬರುತ್ತಿತ್ತು. ಶಾಲೆಯ ಮಕ್ಕಳು ಸೇಬುಹಣ್ಣಿಗೆ ನೀಲಿ ಹಚ್ಚಿದರೂ ಬೈಯಲಿಲ್ಲ. ಸಹೋದ್ಯೋಗಿಯೊಬ್ಬರು, "ಮೇಡಮ್ಮಾರ ಮಾರಿಗೆ ಕಳೆ ಬಂದೈತಲ್ರಿ, ಏನ ವಿಶೇಷ?" ಎಂದು ಕೇಳಿದರು.

ಅವ್ವ ಮಾತ್ರ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಹೆಂಗ ಕಾಣಾಕತ್ತಾವ?"

"ಚೊಲೋ ಕಾಣಾಕತ್ತಾವ."

"ನೆಳ್ಳಾಗ ಐತಿಲ್ಲೋ?"

"ಐತಿ ಅವ್ವ."

ಅಂಗಳದ ಹೆಂಗಸರಿಗೆಲ್ಲ ಹೇಳಿಕೊಂಡಿದ್ದಳು. ಆ ಭಾನುವಾರ ಅವಳೊಬ್ಬಳೇ ಅಲ್ಲ, ಇನ್ನೂ ಏಳೆಂಟು ಜನ ಬರುವವರಿದ್ದರು. ಬಿಸಿಲು ಬಹಳ, ಬಸ್ಸಿನಲ್ಲಿ ನೂಕುನುಗ್ಗಲು, ನಿನಗೆ ತ್ರಾಸಾಗುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಕದರಮಂಡಲಗಿ ಹಣಮಪ್ಪಗ ಕಾಯಿ ಒಡಿಸೇನಿ. ನನ್ನ ಕೈ ನಾ ನೋಡಾಕ ಹೋಗಬಾರದೇನ?" ಎಂದಳು. ನನಗೆ ಒಂದು ಕಡೆ ಕಸಿವಿಸಿಯಾಯಿತು. ಇನ್ನೊಂದು ಕಡೆ, ಬರಲಿ, ಅವನು ಅವ್ವನ ಎದುರಿಗೇ ಸಿಕ್ಕಿಬೀಳಲಿ ಅನ್ನಿಸಿತು. ಎರಡನೆಯದು ಗೆದ್ದಿತು.

ಸಂವಾದದ ದಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಎರಡು ಕುರ್ಚಿ, ನಡುವೆ ಸಣ್ಣ ಮೇಜು, ಹೂವಿನ ಕುಂಡ. ಪಕ್ಕದ ಗೋಡೆಗೆ ಬಟ್ಟೆ. ಮುಂದಿನ ಸಾಲಿನಲ್ಲಿ ಸರೋಜಮ್ಮನವರು ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಅವ್ವ ಮತ್ತು ಅವಳ ಗೆಳತಿಯರು ಹಿಂದಿನ ಬಾಗಿಲ ಹತ್ತಿರ. ಅಲ್ಲಿಂದ ಬಟ್ಟೆ ಸರಿಯಾಗಿ ಕಾಣುತ್ತಿರಲಿಲ್ಲ. ವಿಶ್ವನಾಥನ ಕಾರು ತಡವಾಯಿತು. ಚಪ್ಪಾಳೆಯ ನಡುವೆ ಕೈ ಮುಗಿಯುತ್ತ ಬಂದವನು ವೇದಿಕೆಯ ಮೆಟ್ಟಿಲು ಹತ್ತುವಾಗ ತಲೆ ಎತ್ತಿ ಗೋಡೆ ನೋಡಿದ.

ಆ ಮುಖಕ್ಕಾಗಿಯೇ ನಾನು ಕಾದಿದ್ದೆ. ಬಾಯಿ ಅರ್ಧ ತೆರೆದು ನಿಂತ. ಗೋಡೆಯ ಮೇಲೆ ಇದ್ದದ್ದು ಮಾಸಿದ ಬಿಳಿ ಬಟ್ಟೆ, ಅಲ್ಲಲ್ಲಿ ಎಣ್ಣೆ ಕಲೆ. ನನ್ನ ಕಡೆ ನೋಡಿದ. ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನ ಮುಂದಿಟ್ಟೆ.

ಮೊದಲ ಹತ್ತು ನಿಮಿಷ ಅವನು ಬಾಲ್ಯ, ಊರು, ಬಣ್ಣ ಎಂದು ಏನೇನೋ ತಡವರಿಸಿದ. ಆಗ ಜನರ ನಡುವಿನಿಂದ ಒಬ್ಬರು ಎದ್ದು ಕೇಳಿಯೇಬಿಟ್ಟರು: "ಸರ, ಪೇಪರಿನ್ಯಾಗ ಕೆಂಪು ಕೈ ನೋಡಿ ಬಂದೇವ್ರಿ. ಕೈ ಎಲ್ಲದಾವ್ರಿ?"

ವಿಶ್ವನಾಥ ಒಂದು ಗುಟುಕು ನೀರು ಕುಡಿದ. ಆ ಒಂದು ಗುಟುಕಿನಲ್ಲಿ ದಾರಿ ಹುಡುಕಿಕೊಂಡ. "ಅದೇ ಈ ಕೃತಿಯ ಅರ್ಥ" ಎಂದ, ಬೆಂಗಳೂರಿನ ಕನ್ನಡದಲ್ಲಿ. "ದುಡಿಯುವವರ ಕೈಗಳನ್ನು ನಾವು ನೋಡನೋಡುತ್ತ ಮರೆತುಬಿಡುತ್ತೇವೆ. ಹಾಗೆಯೇ ಈ ಕೈಗಳೂ ನಿಮ್ಮ ಕಣ್ಣೆದುರೇ ಮಾಯವಾಗಲಿ ಎಂದು ನಾನು ಉದ್ದೇಶಪೂರ್ವಕವಾಗಿ ಈ ಬಣ್ಣ ಬಳಸಿದೆ."

ಸಭೆಯೆಲ್ಲ ಚಪ್ಪಾಳೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಒಂದು ತಿಂಗಳು ನಾನು ಕೂತು ಕಾದ ಬಿಸಿಲನ್ನೂ ಅವನು ತನ್ನದೆಂದು ಎತ್ತಿಕೊಂಡು ಹೊರಟಿದ್ದ. ಆದರೆ ಈ ಸಲ ಬಾಯಿ ಬಂತು.

"ಉದ್ದೇಶ ನಿಮ್ಮದ ಅಂದಮ್ಯಾಲ ಕೇಳ್ತೇನ್ರಿ" ಎಂದೆ ಮೈಕಿನಲ್ಲಿ. "ಈ ಬಣ್ಣ ಯಾತಕ್ಕ ಹೋಗ್ತೈತಿ? ಗಾಳಿಗೋ, ನೀರಿಗೋ, ಬಿಸಿಲಿಗೋ?"

"ಅದು... ಕಾಲಕ್ಕೆ" ಎಂದ.

ಸಭೆಯ ಅರ್ಧ ಜನ ಮೆಣಸಿನಕಾಯಿಯ ಊರಿನವರು. ಹಿಂದಿನಿಂದ ಮುಂಡಾಸಿನ ಹಿರಿಯರೊಬ್ಬರು ಗಟ್ಟಿಯಾಗಿ, "ಕಾಲಕ್ಕ ಅಲ್ಲೋ ತಮ್ಮಾ, ಬಿಸಿಲಿಗೆ! ಬಣ್ಣ ಹೋದ ಮಾಲು ನಾವು ತಿಪ್ಪಿಗಿ ಹಾಕ್ತೇವಿ, ಗ್ವಾಡಿಗಿ ಹಾಕೂದಿಲ್ಲ" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ, ಸಿಹಿಯಾಗಿದೆ.

ನಗು ಇಳಿಯುವ ಮೊದಲೇ ಕೇಳಿದೆ: "ಈ ಬಟ್ಟೆಮ್ಯಾಲ ಇದ್ದ ಕೈ ಯಾರವು?"

"ತಾಯಿಯ ಕೈಗಳು."

"ಯಾರ ತಾಯಿ?"

ನಾನು ಚೀಲದಿಂದ ಪುರವಣಿಯ ಆ ಹಾಳೆ ತೆಗೆದು, ಹಳದಿಯಾಗಿದ್ದರೂ ಅಕ್ಷರ ಗಟ್ಟಿಯಾಗಿಯೇ ಇದ್ದವು, ಅವನ ಮಾತನ್ನು ನಿಧಾನವಾಗಿ ಓದಿದೆ. ಮೆಣಸಿನಕಾಯಿಯ ಅಂಗಳದಲ್ಲಿ ತುಂಬು ಬಿಡಿಸಿ ನನ್ನನ್ನು ಬೆಳೆಸಿದ ನನ್ನ ತಾಯಿ. ಪೂರ್ತಿ ಓದಿದೆ, ಮಜ್ಜಿಗೆಯವರೆಗೂ.

ಮುಂದಿನ ಸಾಲಿನಲ್ಲಿ ಸರೋಜಮ್ಮನವರು ಎದ್ದು ನಿಂತರು. ಪಾಪ, ಅವರಿಗೆ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದಿರಲಿಲ್ಲ. ಬಳೆಯ ಕೈಯನ್ನು ಎದೆಗೆ ಒತ್ತಿಕೊಂಡು ಕೇಳಿದರು: "ವಿಶೂ, ನಾ ಯಾವಾಗಪ್ಪಾ ತುಂಬು ಬಿಡಸಲಿಕ್ಕೆ ಹೋಗಿದ್ದೆ?"

ಮೈಕು ಬೇಕಾಗಲಿಲ್ಲ. ಇಡೀ ಸಭೆಗೆ ಕೇಳಿಸಿತು. ನಾನು ವಿಶ್ವನಾಥನ ಮೈಕನ್ನು ಅವನ ಬಾಯಿಯ ಹತ್ತಿರ ಸರಿಸಿ ಇಟ್ಟೆ.

"ಯಾರವು, ವಿಶು?"

"ಗಂಗವ್ವನವು" ಎಂದ. "ಸುಮಾನ ತಾಯಿ. ಬಣ್ಣಾನೂ ಸುಮಾಂದು."

ಅವನ ಬೆಂಗಳೂರಿನ ಕನ್ನಡ ಎಲ್ಲೋ ಬಿದ್ದುಹೋಗಿತ್ತು. ಇಪ್ಪತ್ತು ವರ್ಷ ನಾನು ಕೇಳಬೇಕೆಂದುಕೊಂಡಿದ್ದ ಮಾತು ಅದೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಸರೋಜಮ್ಮನವರು ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ನನ್ನ ತಾಯಿಯ ಹೆಸರು ಹೇಳಿಸಲು ಅವನ ತಾಯಿಯ ಕಣ್ಣೀರು ಬೇಕಾದರೆ ಬರಲಿ ಎಂದೇ ಅನ್ನಿಸಿತು. ಇವತ್ತಿಗೂ ಆ ಒಂದು ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಶಿವಲೀಲಾ ಮೈಕು ಹಿಡಿದು, "ಗಂಗವ್ವನವರು ಬಂದಿದ್ದರ ದಯಮಾಡಿ ವೇದಿಕೆಗೆ ಬರ್ರಿ" ಎಂದಳು. ಹಿಂದಿನಿಂದ ಹೆಂಗಸರು ಅವ್ವನನ್ನು ನೂಕಿ ನೂಕಿ ಕಳಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವ್ವ ಯಾರನ್ನೂ ನೋಡಲಿಲ್ಲ. ವೇದಿಕೆಯ ಮೇಲೂ ಬರಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ ಬಟ್ಟೆಗೆ ಮುಖ ತಾಗುವಷ್ಟು ಹತ್ತಿರ ನಿಂತಳು. ಈ ತುದಿಯಿಂದ ಆ ತುದಿಗೆ ಹೋದಳು, ತಿರುಗಿ ಬಂದಳು.

"ಒಂದೂ ಇಲ್ಲಲ್ಲ" ಎಂದಳು.

ಜನ ಅದನ್ನು ಕೃತಿಯ ಮೇಲಿನ ಮಾತು ಎಂದುಕೊಂಡು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯಿಂದ ಏಳಲಿಲ್ಲ. ಎದ್ದರೆ ಅವಳು ನನ್ನ ಕಡೆ ನೋಡುತ್ತಾಳೆಂಬ ಹೆದರಿಕೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು. ಗೆಳತಿಯರು ಚಹಾ ಕುಡಿಯಲು ಹೋಗಿದ್ದರು.

"ಅವಗ ಹೇಳಿದ್ದಿಲ್ಲೇನ?"

"ಇಲ್ಲ."

"ಮರತೇನ?"

ಮರೆತೆ ಎಂದು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು. "ಮರತಿರಲಿಲ್ಲ" ಎಂದೆ. ಆಮೇಲೆ ಎಲ್ಲ ಹೇಳಿದೆ. ಅವನು ಅವಳ ಹೆಸರು ನುಂಗಿದ್ದು, ಪುರವಣಿ, ನನ್ನ ಸಿಟ್ಟು, ಕಿಟಕಿ. ಎಲ್ಲಾ ನಿನಗಾಗಿ ಅವ್ವ, ಎಂದೂ ಹೇಳಿದೆ.

"ಅಂವ ನನ್ನ ಹೆಸರಷ್ಟ ಒಯ್ದಿದ್ದ. ಕೈ ಅಲ್ಲೇ ಇದ್ವು" ಎಂದಳು. ಅಷ್ಟರಲ್ಲಿ ಬ್ಯಾಡಗಿ ಬಸ್ಸು ಬಂತು. ಗೆಳತಿಯರು ಸೀಟಿಗೆ ಟವೆಲ್ಲು ಎಸೆದು ಕೂಗಿದರು. ಅವಳು ಎದ್ದು ಹೋಗಿ ಅವರ ಜೊತೆ ಕೂತಳು.

ವಿಶ್ವನಾಥ ಇದರಿಂದ ಹಾಳಾದನೆಂದು ಯಾರಾದರೂ ತಿಳಿದರೆ ಅದು ಅವರ ಪೆದ್ದುತನ. ಆ ಖಾಲಿ ಬಟ್ಟೆಯನ್ನು ಅವನು ಈಗ ಊರೂರಿಗೆ ಒಯ್ಯುತ್ತಾನೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಗಂಗವ್ವ' ಎಂದು ಬರೆಸಿದ್ದಾನಂತೆ. ನನ್ನ ಹೆಸರನ್ನೂ ಸಣ್ಣದಾಗಿ ಹಾಕಿದ್ದಾನಂತೆ. ಜನ ಅದರ ಮುಂದೆ ನಿಂತು ಕಣ್ಣು ತುಂಬಿಕೊಳ್ಳುತ್ತಾರಂತೆ. ಅವನ ಮೇಲಿನ ನನ್ನ ಸಿಟ್ಟು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಆಗುವುದೂ ಬೇಡ.

ಹೋದ ವಾರ ಬ್ಯಾಡಗಿಗೆ ಹೋದದ್ದು ಸುಮ್ಮನೆ ಅಲ್ಲ. ಮಗ್ಗದ ಹೊಸ ಬಟ್ಟೆ ಒಯ್ದಿದ್ದೆ, ಒಂದು ಬಾಟಲಿ ಕೆಂಪೂ ಒಯ್ದಿದ್ದೆ. ಅವ್ವನಿಗೀಗ ಎಪ್ಪತ್ತೆರಡು, ಅಂಗಳಕ್ಕೆ ಹೋಗುವುದು ಬಿಟ್ಟಿದ್ದಾಳೆ. ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಬಿಸಿಲು ಬಾರದಂತೆ ಬಾಗಿಲು ಮುಂದೆ ಮಾಡಿ, ನೆರಳಿನಲ್ಲಿ ಬಟ್ಟೆ ಹಾಸಿ, ಬೋಗುಣಿಗೆ ಬಣ್ಣ ಸುರಿದು, ಮಜ್ಜಿಗೆಯನ್ನೂ ಪಕ್ಕಕ್ಕಿಟ್ಟು ಕರೆದೆ.

"ಅವ್ವ, ಒಂದ ಜೋಡಿ ಒತ್ತು. ಯಾರಿಗೂ ತೋರಸೂದಿಲ್ಲ. ಪೆಟ್ಟಿಗಿಯಾಗ ಇಟಗೋತೇನಿ, ನನಗಷ್ಟ."

ಅವಳು ಮೊರ ಪಕ್ಕಕ್ಕಿಟ್ಟು ಬಂದಳು. ಬಟ್ಟೆಯ ಮುಂದೆ ಕೂತು ಬಣ್ಣ ನೋಡಿದಳು. "ಬಣ್ಣ ಚೊಲೋ ಬಂದೈತಿ" ಎಂದಳು. ಆಮೇಲೆ ಎರಡೂ ಕೈಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಕೂತಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಊಟಕ್ಕೆ ಏನು ಮಾಡಲಿ ಎಂದು ಕೇಳುವಷ್ಟೇ ಸಾದಾ ಮಾತು.

"ಬ್ಯಾಡವ್ವಾ ಸುಮಾ. ನಿನ್ನ ಕೈಯಾಗ ಇನ್ನ ನನ್ನ ಕೈ ಕೊಡೂದಿಲ್ಲ."